ನಮ್ಮ ಮನೆಯ ಒಂಬತ್ತು ಭೀಮನ ಅಮಾವಾಸ್ಯೆಗಳು

ಪತ್ರಿಕೆಯಲ್ಲಿದ್ದಾಗ ಬಹಳ ವರ್ಷ ನನ್ನ ಪಾಲಿಗೆ ಬಂದದ್ದು ‘ಚರಿತ್ರೆಯಲ್ಲಿ ಈ ದಿನ’ ಎನ್ನುವ ಮೂಲೆ. ಒಂದು ತಾರೀಖು, ಕೆಳಗೆ ಇಸವಿಗಳು, ಇಸವಿಗೊಂದು ಸಾಲು. ಯಾವ ನಗರ ಬಿತ್ತು, ಯಾವ ಒಪ್ಪಂದಕ್ಕೆ ಸಹಿಯಾಯಿತು, ಯಾವ ಸೇನಾಪತಿ ಹುಟ್ಟಿದ. ಓದುಗರಿಗೆ ಅದು ಇಷ್ಟವಾಗಿತ್ತು. ನನಗೆ ಅದರ ಮೇಲೆ ಎಂದೂ ಗೌರವ ಹುಟ್ಟಲಿಲ್ಲ. ನಗರ ಬಿದ್ದ ಸುದ್ದಿ ಕೇಳಿ ಸಾವಿರ ಮೈಲಿ ಆಚೆಯ ಒಂದು ಮನೆಯಲ್ಲಿ ಯಾರ ಬಳೆ ಒಡೆದರು ಎನ್ನುವುದು ಆ ಸಾಲಿನೊಳಗೆ ಹಿಡಿಸುವುದಿಲ್ಲ. ಆದರೂ ತೊಂಬತ್ತು ದಾಟಿದ ಮೇಲೆ ಬಾಲ್ಯವನ್ನು ಬರೆಯಲು ಕೂತರೆ ಅದೇ ಕ್ರಮದಲ್ಲಿ ನೆನಪಾಗುತ್ತದೆ, ಕಸುಬಿನ ಚಾಳಿ. ನಮ್ಮ ಮನೆಗೂ ಅಂಥ ಒಂದು ದಿನವಿತ್ತು. ಆಷಾಢದ ಕೊನೆಯ ದಿನ, ಭೀಮನ ಅಮಾವಾಸ್ಯೆ. ಗಂಡನ ಆಯಸ್ಸು ಗಟ್ಟಿಯಾಗಿರಲೆಂದು ಹೆಂಡತಿ ಮಾಡುವ ಪೂಜೆ ಅದು. ಮದುವೆಯಾದ ವರ್ಷದಿಂದ ಒಂಬತ್ತು ವರ್ಷ ತಪ್ಪಿಸಬಾರದು. ನನ್ನ ಚಿಕ್ಕಮ್ಮ ಗಿರಿಜೆಯ ಒಂಬತ್ತು ವರ್ಷಗಳಲ್ಲಿ ಮೊದಲ ಎರಡು ಯುದ್ಧಕ್ಕೆ ಮುಂಚೆ ಕಳೆದವು, ಕೊನೆಯದು ಯುದ್ಧ ಮುಗಿದ ಮೇಲೆ ಬಂತು. ನಡುವಿನ ಆರು ಯುದ್ಧದ್ದೇ.

ನಮ್ಮದು ಮಡಿಕೇರಿ. ಓಂಕಾರೇಶ್ವರ ದೇವಸ್ಥಾನದ ಕೆಳಗಿನ ಓಣಿಯಲ್ಲಿ ಹೆಂಚಿನ ಮನೆ. ಮುಂದೆ ಅಪ್ಪನ ಮೇಜಿದ್ದ ಪಡಸಾಲೆ, ನಡುವೆ ದೇವರ ಗೂಡಿದ್ದ ಕೋಣೆ, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲಿನ ಪಕ್ಕ ಸೌದೆ ಒಟ್ಟುವ ಕಿರುಕೋಣೆ. ಅಪ್ಪ ಸರ್ಕಾರಿ ಗುಮಾಸ್ತ. ಸಾಹೇಬರ ಕೈಕೆಳಗೆ ಬಾಗಿ ಬಾಗಿ ಬೆನ್ನಿಗೆ ಬಂದ ನೋವನ್ನು ಮನೆಗೆ ಬಂದು ನೆಟ್ಟಗೆ ಕೂತು ತೀರಿಸಿಕೊಳ್ಳುತ್ತಿದ್ದ. ಅವನ ಮೇಜಿನ ಮೇಲೆ ಯಾವ ಕಾಗದವೂ ಸಂಜೆಯ ನಂತರ ಉಳಿಯುತ್ತಿರಲಿಲ್ಲ. ಮನೆಯ ವಿಚಾರವೂ ಹಾಗೆಯೇ: ಹಾಲಿನವನನ್ನು ಬಿಡುವುದೋ ಇಟ್ಟುಕೊಳ್ಳುವುದೋ, ನನ್ನನ್ನು ಶಾಲೆಗೆ ಹಾಕುವುದೋ ಬೇಡವೋ, ಎಲ್ಲಕ್ಕೂ ಊಟಕ್ಕೆ ಮುಂಚೆ ತೀರ್ಮಾನ. ತೀರ್ಮಾನ ತಪ್ಪಾದರೆ ಅವನಿಗೆ ಬೇಸರವಿರಲಿಲ್ಲ. ತೀರ್ಮಾನವಾಗದೆ ಉಳಿದರೆ ಅನ್ನ ಇಳಿಯುತ್ತಿರಲಿಲ್ಲ. ಅಮ್ಮ ಅವನ ಮಾತಿಗೆ ತಲೆಯಾಡಿಸಿಯೇ ಕುತ್ತಿಗೆಯನ್ನು ಸವೆಸಿದವಳು. ಅಜ್ಜಿಗೆ, ಎಂದರೆ ಅಪ್ಪನ ತಾಯಿಗೆ, ಹಿರಿಯ ಮಗ ಹೇಳಿದ್ದೇ ವೇದ. ಕಿರಿಯ ಮಗ ವೆಂಕಟೇಶನ ಮೇಲೆ ಪ್ರೀತಿ ಇತ್ತು, ಆ ಪ್ರೀತಿಯನ್ನು ಪ್ರಯೋಗಿಸಲು ಅಪ್ಪನ ಅನುಮತಿ ಬೇಕಾಗಿತ್ತು.

ಮೊದಲ ಅಮಾವಾಸ್ಯೆ ನನಗೆ ಅಲ್ಲಲ್ಲಿ ಮಾತ್ರ ನೆನಪಿದೆ. ಚಿಕ್ಕಮ್ಮ ಹೊಸ ಮದುವಣಗಿತ್ತಿ, ಹದಿನಾರೋ ಹದಿನೇಳೋ. ತಂಬಿಟ್ಟಿನ ದೀಪಗಳು, ಒಂಬತ್ತು ಗಂಟಿನ ಅರಿಶಿನದ ದಾರ, ಮಣೆಯ ಮೇಲೆ ನಾಚಿ ಕೂತಿದ್ದ ಚಿಕ್ಕಪ್ಪ. ಅವಳು ಅವನ ಕಾಲು ತೊಳೆದಾಗ ಅವನು ಕಚಗುಳಿಯಾಗಿ ಕಾಲೆಳೆದುಕೊಂಡ. ನೀರೆಲ್ಲ ಅಪ್ಪನ ಪಂಚೆಯ ಮೇಲೆ. ಅಪ್ಪ ಪಂಚೆಯನ್ನು ನೋಡಿಕೊಂಡ. ಚಿಕ್ಕಪ್ಪ ಆ ನೋಟಕ್ಕೇ ಎದ್ದು ನಿಂತು ಕ್ಷಮೆ ಕೇಳಿದ. ಅವನು ಕೆಟ್ಟವನಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆ ಸುತ್ತಿಸುತ್ತಿದ್ದ, ಚಿಕ್ಕಮ್ಮನಿಗೆ ಕದ್ದು ಓದು ಕಲಿಸುತ್ತಿದ್ದ. ಅಣ್ಣನ ಎದುರು ಮಾತ್ರ ಅವನ ಬೆನ್ನು ತಾನಾಗಿ ಬಗ್ಗುತ್ತಿತ್ತು. ಯುದ್ಧಕ್ಕೆ ಹೋದದ್ದೂ ಹಾಗೆಯೇ. ಕೊಡಗಿನಲ್ಲಿ ಎಲ್ಲ ಕಡೆ ಸೈನ್ಯಕ್ಕೆ ಜನ ಸೇರಿಸುತ್ತಿದ್ದರು. ಪಟಾಲಮ್ಮಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರೂ ಬೇಕಾಗಿದ್ದರು. ಮನೆಯಿಂದ ಒಬ್ಬ ಹೋದರೆ ಸಾಹೇಬರಿಗೆ ಸಂತೋಷವಾಗುತ್ತದೆ ಎಂದು ಅಪ್ಪ ಒಂದು ಸಂಜೆ ಊಟಕ್ಕೆ ಮುಂಚೆ ತೀರ್ಮಾನಿಸಿದ. ನಾಲ್ಕನೆಯ ಅಮಾವಾಸ್ಯೆಯ ಹೊತ್ತಿಗೆ ಚಿಕ್ಕಪ್ಪ ಮಲಯಾದಲ್ಲಿದ್ದ. ಚಿಕ್ಕಮ್ಮ ಅವನ ಕೋಟನ್ನು ಮಡಿಸಿ ಮಣೆಯ ಮೇಲಿಟ್ಟು ಪೂಜೆ ಮಾಡಿದಳು.

ಆಮೇಲೆ ಸಿಂಗಾಪುರ ಬಿತ್ತು. ಸರ್ಕಾರದ ಕಾಗದ ಬಂದದ್ದು ಅಪ್ಪನ ಕಚೇರಿಯ ವಿಳಾಸಕ್ಕೆ. ಕಾಣೆಯಾಗಿದ್ದಾರೆ, ಹೆಚ್ಚಿನ ವಿವರ ದೊರೆತಾಗ ತಿಳಿಸಲಾಗುವುದು ಎಂದಷ್ಟೇ ಇತ್ತು ಅದರಲ್ಲಿ. ಅಪ್ಪ ಅದನ್ನು ಓದಿ ಹೇಳಿ ಮಡಿಸಿ ಮೇಜಿನ ಮೇಲಿಟ್ಟ. ಅವನ ಮೇಜಿನ ಮೇಲೆ ವರ್ಷಕ್ಕೂ ಹೆಚ್ಚು ಕಾಲ ಉಳಿದ ಕಾಗದ ಅದೊಂದೇ. ಐದನೆಯ ಅಮಾವಾಸ್ಯೆಯನ್ನು ಚಿಕ್ಕಮ್ಮ ಎಂದಿನಂತೆ ಮಾಡಿದಳು. ಅಪ್ಪ ಪಡಸಾಲೆಯಲ್ಲಿ ಕೂತು ಆ ಕಾಗದವನ್ನೇ ನೋಡುತ್ತಿದ್ದ. ಅವಳು ಮುತ್ತೈದೆಯೋ ಅಲ್ಲವೋ, ಹಬ್ಬದ ದಿನ ಬಡಿಸಬಹುದೋ ಇಲ್ಲವೋ, ಅರಿಶಿನ ಕುಂಕುಮಕ್ಕೆ ಕರೆದವರ ಮನೆಗೆ ಕಳಿಸುವುದೋ ಬೇಡವೋ, ಇವೆಲ್ಲ ಅವನಿಗೆ ದಿನವೂ ತೀರ್ಮಾನವಾಗದ ಪ್ರಶ್ನೆಗಳು. ತಮ್ಮ ಬದುಕಿದ್ದಾನೋ ಎನ್ನುವುದು ಆ ಪಟ್ಟಿಯಲ್ಲಿ ಒಂದು ಬಾಬತ್ತು ಮಾತ್ರ. ಅಜ್ಜಿಯದು ಬೇರೆ ಸಂಕಟ. ಕನಸಿನಲ್ಲಿ ಮಗ ಬಂದು ನೀರು ಕೇಳುತ್ತಾನೆ ಎನ್ನುತ್ತಿದ್ದಳು. ಸತ್ತವನಿಗೆ ಕ್ರಿಯೆಯಾಗದಿದ್ದರೆ ಅಲೆಯುತ್ತಾನೆ ಎಂಬ ಭಯ. ಆ ಭಯವನ್ನು ನಾನು ಹಂಗಿಸುವುದಿಲ್ಲ. ಅದನ್ನು ಬಳಸಿಕೊಂಡವರನ್ನು ಹಂಗಿಸುತ್ತೇನೆ.

ನಮ್ಮ ಪುರೋಹಿತರು ಶಾಮಭಟ್ಟರು, ದಪ್ಪ ಪುಸ್ತಕ, ತೆಳು ದನಿ. ಅವರನ್ನು ಕರೆಸಿ ಅಪ್ಪ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಬಾಗಿಲ ಸಂದಿಯಲ್ಲಿ ಚಿಕ್ಕಮ್ಮನ ಪಕ್ಕದಲ್ಲೇ ನಿಂತಿದ್ದೆ.

“ಹೆಣ ಸಿಗದಿದ್ರೆ ಏನು ವಿಧಾನ?”

“ಇದೆಯಲ್ಲ. ಪಾಲಾಶವಿಧಿ. ಮುತ್ತುಗದ ಎಲೆಯಲ್ಲಿ ಪುರುಷಾಕಾರ ಮಾಡಿ ದಹನ. ಆದ್ರೆ ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕು.”

“ಹನ್ನೆರಡೇ ಅಂತ ಇದೆಯೊ?”

“ಹಾಗೆ ಅಂತ ಇದೆ.”

“ಯುದ್ಧದಲ್ಲಿ ಕಾಣೆಯಾಗೋದು ಬೇರೆ, ಕಾಶಿಗೆ ಹೋಗಿ ಕಾಣೆಯಾಗೋದು ಬೇರೆ. ಸ್ವಲ್ಪ ನೋಡಿ ಹೇಳಿ.”

ಭಟ್ಟರು ಪುಸ್ತಕವನ್ನು ಮನೆಗೆ ಒಯ್ದರು. ಮೂರು ದಿನದಲ್ಲಿ ನೋಡಿ ಹೇಳಿದರು. ಹನ್ನೆರಡು ವರ್ಷ ಒಂದೂಕಾಲು ವರ್ಷವಾಯಿತು. ಶಾಸ್ತ್ರ ಇಷ್ಟು ಬಾಗುತ್ತದೆ ಎಂದು ತಿಳಿದದ್ದು ನನಗೆ ಆಗಲೇ. ಅದು ಯಾರ ಕಡೆಗೆ ಬಾಗುತ್ತದೆ ಎಂದು ತಿಳಿಯಲು ಇನ್ನೂ ಮೂರು ವರ್ಷ ಬೇಕಾಯಿತು. ಚಿಕ್ಕಮ್ಮ ಬಾಗಿಲು ದಾಟಿ ಪಡಸಾಲೆಗೆ ಬಂದಳು. ಗಂಡಸರಿದ್ದಾಗ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು.

“ಭಾವ, ಎಲೆ ಸುಡೋದಾದ್ರೆ ಸುಡಿ. ಅತ್ತೆಗೆ ಸಮಾಧಾನ ಆಗುತ್ತೆ. ನನ್ನ ತಾಳಿ ಮುಟ್ಟಬೇಡಿ. ಅವರು ಸತ್ತಿದ್ದಾರೆ ಅಂತ ಸರ್ಕಾರವೇ ಹೇಳಿಲ್ಲ.”

“ದಹನ ಆದ ಮೇಲೆ ತಾಳಿ ಇಟ್ಕೊಂಡ್ರೆ ದಹನಕ್ಕೆ ಏನರ್ಥ, ಗಿರಿಜಾ?”

“ಅದನ್ನೇ ನಾನೂ ಕೇಳ್ತಿರೋದು.”

ಅಪ್ಪ ಭಟ್ಟರಿಂದ ದಹನಕ್ಕೆ ದಿನ ಗೊತ್ತು ಮಾಡಿಸಿದ. ಮಡಿಕೇರಿಯಲ್ಲಿ ಮುತ್ತುಗ ಬೆಳೆಯುವುದಿಲ್ಲ. ಬಯಲುಸೀಮೆಗೆ ತಾಗಿದ ಕುಶಾಲನಗರದ ಕಡೆಯಿಂದ ತರಬೇಕು. ಆಗ ಅದಕ್ಕೆ ಫ್ರೇಸರ್‌ಪೇಟೆ ಎನ್ನುತ್ತಿದ್ದರು. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ, ಗೋಣಿಚೀಲದಲ್ಲಿ ಚಿಕ್ಕಪ್ಪ ಬಂದ. ಮುನ್ನೂರ ಅರವತ್ತು ಎಲೆ. ತಲೆಗೆ ಇಷ್ಟು, ಎದೆಗೆ ಇಷ್ಟು, ಕಾಲಿಗೆ ಇಷ್ಟು ಎಂದು ಭಟ್ಟರು ಎಣಿಸಿ ಜೋಡಿಸಿದರು. ತಲೆಯ ಜಾಗಕ್ಕೆ ತೆಂಗಿನಕಾಯಿ. ಅಪ್ಪ ಅದಕ್ಕೆ ಬೆಂಕಿ ಇಟ್ಟು, ಮನೆಗೆ ಬಂದು ಸ್ನಾನ ಮಾಡಿದ. ಹತ್ತನೆಯ ದಿನ ಓಣಿಯ ಹಿರಿಯ ವಿಧವೆಯರು ಇಬ್ಬರು ಬಂದು ಚಿಕ್ಕಮ್ಮನ ಬಳೆ ಒಡೆದು ತಾಳಿ ಬಿಚ್ಚಿದರು. ತಲೆ ಬೋಳಿಸದೆ ಕೂದಲನ್ನು ಉಳಿಸಿದರು, ಅದಕ್ಕೆ ಅಪ್ಪ ತನ್ನ ಉದಾರತೆ ಎಂದು ಹೆಸರಿಟ್ಟು, ಮುಂದೆ ಬಹಳ ವರ್ಷ ಅದನ್ನು ಬಂದವರ ಮುಂದೆ ಹೇಳುತ್ತಿದ್ದ. ಸಂಜೆಗೆ ಮೇಜಿನ ಮೇಲಿನ ಕಾಗದ ಹೋಗಿತ್ತು. ಬಹಳ ದಿನಗಳ ನಂತರ ಅವನು ಎರಡನೆಯ ಸಲ ಸಾರನ್ನ ಹಾಕಿಸಿಕೊಂಡ.

ಆರು, ಏಳು, ಎಂಟನೆಯ ಅಮಾವಾಸ್ಯೆಗಳು ಒಂದೇ ಅಚ್ಚಿನವು. ಚಿಕ್ಕಮ್ಮ ನಸುಕಿಗೇ ಎದ್ದು ಕಡುಬಿಗೆ ಹಿಟ್ಟು ತಿರುವಿ, ಹೂರಣ ಮಾಡಿ, ಬೇಯಿಸಿ, ಮುಚ್ಚಿಟ್ಟು ಸೌದೆಕೋಣೆಗೆ ಹೋಗಬೇಕು. ಪೂಜೆ ಮುಗಿಯುವವರೆಗೆ ಯಾರ ಕಣ್ಣಿಗೂ ಬೀಳಬಾರದು. ಅಮ್ಮ ಅಪ್ಪನ ಕಾಲು ತೊಳೆದು ಪೂಜೆ ಮಾಡುತ್ತಿದ್ದಳು. ಮದುವೆಯಾಗದ ಹುಡುಗಿಯರೂ ಒಳ್ಳೆಯ ಗಂಡ ಸಿಗಲೆಂದು ದಾರ ಕಟ್ಟಿಕೊಳ್ಳುವ ಪದ್ಧತಿ ಇರುವುದರಿಂದ ನಾನೂ ಕೂರುತ್ತಿದ್ದೆ. ಕೂರುವ ಮುಂಚೆ ಸೌದೆಕೋಣೆಯ ಬಾಗಿಲು ಹಾಕಿ ಬರುವುದು ನನ್ನ ಕೆಲಸ. ಹಾಕಿದೆ. ಮೂರು ವರ್ಷವೂ ಹಾಕಿದೆ. ಬೇರೆಯವರ ಬಗ್ಗೆ ಇಷ್ಟು ಬರೆಯುವವಳು ಇದನ್ನೂ ದಾಖಲಿಸಬೇಕು. ಅವಳ ಕೈಯ ಕಡುಬನ್ನು ಎಲ್ಲರೂ ತಿಂದರು. ಯುದ್ಧದ ದಿನಗಳ ಅಕ್ಕಿಯಲ್ಲೂ ಇಷ್ಟು ಮೆತ್ತಗೆ ಬರುತ್ತದಲ್ಲ ಎಂದು ಅಪ್ಪ ಮೆಚ್ಚಿದ. ಮುಖ ಅಶುಭ, ಕಡುಬು ಶುಭ.

ಯುದ್ಧ ಮುಗಿದ ಚಳಿಗಾಲದಲ್ಲಿ ಚಿಕ್ಕಪ್ಪನ ಕಾಗದ ಬಂತು. ಸೆರೆಶಿಬಿರದಲ್ಲಿದ್ದೆ, ಈಗ ಬಿಡುಗಡೆಯಾಗಿದೆ, ಕಾಯಿಲೆಗೆ ಆಸ್ಪತ್ರೆಯಲ್ಲಿದ್ದೇನೆ, ಗುಣವಾದ ಮೇಲೆ ಬರುತ್ತೇನೆ, ಗಿರಿಜೆಗೆ ಹೇಳಿ. ಅಪ್ಪ ಅದನ್ನು ಗಟ್ಟಿಯಾಗಿ ಓದಿದ. ಅಜ್ಜಿ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಅಮ್ಮ ಒಳಗೆ ಓಡಿ ಕುಂಕುಮದ ಭರಣಿ ತಂದಳು. ಅವಳು ಯಾರನ್ನೂ ಕೇಳದೆ ಮಾಡಿದ ಒಂದೇ ಕೆಲಸ ಅದು ಎಂದು ನನ್ನ ನೆನಪು. ಅಪ್ಪ ಕೈ ಅಡ್ಡ ಹಿಡಿದ.

“ಇಡು ಅದನ್ನ. ಕ್ರಿಯೆ ಆಗಿದೆ. ಆದದ್ದನ್ನ ಕ್ರಮವಾಗಿ ತೆಗೀಬೇಕು.”

“ಬದುಕಿದ್ದಾರಲ್ಲ ಭಾವ,” ಎಂದಳು ಚಿಕ್ಕಮ್ಮ. “ಅವರದೇ ಅಕ್ಷರ.”

“ನಾನು ಇಲ್ಲ ಅಂದ್ನೆ? ಭಟ್ಟರನ್ನ ಕೇಳೋಣ.”

ಐದು ತಿಂಗಳು ಅವಳು ಗಂಡನ ಕಾಗದಗಳನ್ನು ಸೆರಗಿನಲ್ಲಿಟ್ಟುಕೊಂಡು ವಿಧವೆಯಾಗಿಯೇ ಅಡುಗೆ ಮಾಡಿದಳು. ಭಟ್ಟರ ಪುಸ್ತಕದಲ್ಲಿ ಇದಕ್ಕೂ ವಿಧಿ ಸಿಕ್ಕಿತು. ಕ್ರಿಯೆಯಾದವನು ತಿರುಗಿ ಬಂದರೆ ಅವನು ಮತ್ತೆ ಹುಟ್ಟಬೇಕು. ಕೊಪ್ಪರಿಗೆಯಲ್ಲಿ ತುಪ್ಪ ನೀರು ತುಂಬಿ ಅದರಲ್ಲಿ ಕೂರಿಸಿ ಎತ್ತುವುದು. ಆಮೇಲೆ ಜಾತಕರ್ಮ, ನಾಮಕರಣ, ಚೌಲ, ಉಪನಯನ. ಕೊನೆಗೆ ಅದೇ ಹೆಂಡತಿಯೊಡನೆ ಮತ್ತೆ ಮದುವೆ. ಮತ್ತೆ ಹುಟ್ಟುವವರೆಗೆ ಮನೆಯೊಳಗೆ ಕಾಲಿಡುವಂತಿಲ್ಲ. ಹೀಗಾಗಿ ಚಿಕ್ಕಪ್ಪ ಜ್ಯೇಷ್ಠದ ಒಂದು ಬೆಳಿಗ್ಗೆ ಬಂದಾಗ ಅವನನ್ನು ಜಗುಲಿಯ ಮೆಟ್ಟಿಲ ಕೆಳಗೇ ನಿಲ್ಲಿಸಿದರು. ಕತ್ತಿನ ಮೂಳೆ ಎದ್ದು, ಹಲ್ಲು ಎರಡು ಬಿದ್ದು, ಬೇರೆ ಯಾರದೋ ಅಂಗಿ ಹಾಕಿದಂತಿದ್ದ. ಜೊತೆಗೆ ಮೂರ್ನಾಡಿನ ನಾಣಯ್ಯನಿದ್ದ, ಅದೇ ಪಟಾಲಮ್ಮಿನ ಹವಾಲ್ದಾರ, ಅದೇ ಶಿಬಿರದಲ್ಲಿದ್ದವನು. ವಿಷಯ ಕೇಳಿ ಅವನು ಅಪ್ಪನನ್ನೂ ಭಟ್ಟರನ್ನೂ ನೋಡಿ, ತನ್ನ ಪಟಾಲಮ್ಮಿನ ‘ರೈಟರ್’ ಆಗಿದ್ದ ಚಿಕ್ಕಪ್ಪನ ಕಡೆ ತಿರುಗಿದ.

“ಎಂಥ ರೈಟ್ರೇ, ಜಪಾನಿನವನು ಕೂಡ ನಿಮ್ಮನ್ನ ಸತ್ತ ಲೆಕ್ಕಕ್ಕೆ ಹಾಕಿರಲಿಲ್ಲ. ದಿನಾ ಹೆಸರು ಕೂಗ್ತಿದ್ದ.”

“ಶಾಸ್ತ್ರ ನಾಣಯ್ಯ,” ಎಂದ ಚಿಕ್ಕಪ್ಪ.

“ಇರಲಿ. ನಮ್ಮ ಮನೆಗೆ ಬನ್ನಿ. ನಮ್ಮಲ್ಲಿ ಸತ್ತವರಿಗೂ ಎಲೆ ಹಾಕ್ತೇವೆ. ನಿಮಗೆ ಬೇಕಾದರೆ ಮಾಂಸ ಬಿಟ್ಟು ಸೊಪ್ಪೇ ಬೇಯಿಸ್ತೇವೆ.”

ಅವನು ಚಿಕ್ಕಪ್ಪನನ್ನು ಮೂರ್ನಾಡಿಗೆ ಕರೆದುಕೊಂಡು ಹೋದ. ಚಿಕ್ಕಮ್ಮ ಕಿಟಕಿಯ ಹಿಂದಿದ್ದಳು. ಚಿಕ್ಕಪ್ಪ ಒಮ್ಮೆ ಮನೆಯ ಕಡೆ ತಿರುಗಿದ, ಅಪ್ಪನ ಮುಖ ಕಂಡಿತು, ಹೊರಟ. ಅವನು ಮೆಟ್ಟಿಲು ಹತ್ತುತ್ತಾನೆ, ನನ್ನ ಹೆಂಡತಿ ಎಲ್ಲಿ ಎಂದು ಕೇಳುತ್ತಾನೆ ಎಂದು ಅವಳು ಕಾದಿದ್ದಳೆಂದು ಆಮೇಲೆ ನನಗೆ ಹೇಳಿದಳು. ಒಂದು ಮಾತು ಸಾಕಿತ್ತು, ಆಡಿದ್ದರೆ ನಾನೇ ಬಾಗಿಲು ತೆಗೆಯುತ್ತಿದ್ದೆ ಎಂದಳು.

ಮತ್ತೆ ಹುಟ್ಟಿಸುವ ಕಾರ್ಯ ಆಷಾಢ ಶುರುವಾಗುವ ಹೊತ್ತಿಗೆ ಹಿತ್ತಲಿನಲ್ಲಿ ನಡೆಯಿತು. ಕೊಪ್ಪರಿಗೆಗೆ ಅವನ ಮೊಣಕಾಲು ಹಿಡಿಸಲಿಲ್ಲ. ಭಟ್ಟರು ಮುದುರಿಕೋ ಎಂದರು. ಮೂರೂವರೆ ವರ್ಷ ಸೆರೆಯಲ್ಲಿದ್ದವನಿಗೆ ಮುದುರಿಕೊಳ್ಳುವುದು ಕಷ್ಟವಾಗಲಿಲ್ಲ. ಎತ್ತಿ ಹೊರಗೆ ನಿಲ್ಲಿಸಿ ಗಂಡುಮಗು ಎಂದು ಘೋಷಿಸಿದರು. ಅಜ್ಜಿ ಚಿನ್ನದ ಉಂಗುರದಲ್ಲಿ ಜೇನು ತುಪ್ಪ ಅದ್ದಿ ಅವನ ನಾಲಗೆಗೆ ಸವರಿದಳು. ಅಪ್ಪ ಕಿವಿಯಲ್ಲಿ ವೆಂಕಟೇಶ ಎಂದು ಮೂರು ಸಲ ಹೆಸರಿಟ್ಟ. ನೋಡಲು ಬಂದಿದ್ದ ನಾಣಯ್ಯ ಬೇಲಿಯ ಆಚೆ ಹೋಗಿ ಕೆಮ್ಮುತ್ತ ನಿಂತ. ನಾನು ನಕ್ಕೆ, ಅಮ್ಮ ತೊಡೆ ಹಿಂಡಿದಳು. ಚಿಕ್ಕಪ್ಪ ಮಾತ್ರ ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದ. ಅಷ್ಟು ಶ್ರದ್ಧೆಯನ್ನು ನಾನು ಮುಂದೆ ಮಂತ್ರಿಗಳ ಹಿಂದೆ ಓಡಾಡುವ ಅಧಿಕಾರಿಗಳಲ್ಲಿ ಮಾತ್ರ ಕಂಡಿದ್ದೇನೆ.

ಮದುವೆಗೆ ಆಷಾಢ ಅಡ್ಡ ಬಂತು. ಶ್ರಾವಣದಲ್ಲಿ ಮುಹೂರ್ತ. ಹೀಗಾಗಿ ಒಂಬತ್ತನೆಯ ಅಮಾವಾಸ್ಯೆಯ ಹೊತ್ತಿಗೆ ಮನೆಯ ಪಡಸಾಲೆಯಲ್ಲಿ ಒಬ್ಬ ಬ್ರಹ್ಮಚಾರಿ, ಸೌದೆಕೋಣೆಯಲ್ಲಿ ಒಬ್ಬಳು ವಿಧವೆ. ಒಬ್ಬರ ಮುಖ ಒಬ್ಬರು ನೋಡಬಾರದು. ಚಿಕ್ಕಮ್ಮನ ತಂದೆ ಇರಲಿಲ್ಲ. ಸೋಮವಾರಪೇಟೆಯಲ್ಲಿ ಅಣ್ಣನೊಬ್ಬನಿದ್ದ, ಅವನಿಗೆ ಕಾಗದ ಬರೆಯುವ ಬದಲು ತಾನೇ ಧಾರೆ ಎರೆಯುತ್ತೇನೆಂದು ಅಪ್ಪ ಹೇಳಿದ. ಅವಳ ತಾಳಿ ತೆಗೆಸಿದವನೇ ಅವಳನ್ನು ದಾನ ಕೊಡುವವನು. ಇದನ್ನು ಅವನು ತ್ಯಾಗ ಎಂದು ತಿಳಿದಿದ್ದ. ಅಮಾವಾಸ್ಯೆಯ ಬೆಳಿಗ್ಗೆ ಅಮ್ಮನ ಪೂಜೆ ಮುಗಿದ ಮೇಲೆ, ಭಟ್ಟರೂ ಇದ್ದಾಗ, ಅಪ್ಪ ಮುಹೂರ್ತ ಓದಿ ಹೇಳಿದ. ಅಡುಗೆಮನೆಯ ಬಾಗಿಲ ಹಿಂದಿನಿಂದ ಚಿಕ್ಕಮ್ಮನ ದನಿ ಬಂತು.

“ಭಟ್ಟರೇ, ಇದು ಹೊಸ ಮದುವೆಯೋ, ಹಳೆಯದೋ?”

“ಹೊಸದೇ ತಾಯಿ. ಅವನು ಹೊಸದಾಗಿ ಹುಟ್ಟಿದಾನಲ್ಲ.”

“ಹಾಗಾದ್ರೆ ಗಂಡು ಹೆಣ್ಣು ನೋಡೋ ಶಾಸ್ತ್ರ ಆಗಬೇಕಲ್ವೆ? ಮೊದಲನೇ ಸಲ ಮಾಡಿದ್ರಿ.”

ಭಟ್ಟರು ಅಪ್ಪನ ಮುಖ ನೋಡಿದರು. ಕ್ರಮ ತಪ್ಪಿತು ಎಂದು ಯಾರಾದರೂ ಹೇಳಿದರೆ ಅಪ್ಪನಿಗೆ ತಡೆಯಲಾಗುತ್ತಿರಲಿಲ್ಲ.

“ಅಮಾವಾಸ್ಯೆ ದಿನ ಹೇಗೆ?” ಎಂದ.

“ನನಗೆ ಅಮಾವಾಸ್ಯೆಯೇ ಆಗಿಬಂದಿದೆ. ಇವತ್ತೇ ಆಗಲಿ. ಮೂರು ವರ್ಷ ಇದೇ ದಿನ ಸೌದೆ ಜೊತೆ ಕೂತಿದ್ದೀನಿ.”

ಅವಳು ಹೊರಗೆ ಬಂದಳು. ತಲೆ ಬಗ್ಗಿಸಿರಲಿಲ್ಲ. ಪಡಸಾಲೆಯ ನಡುವೆ ಚಾಪೆ ಹಾಸಿ ತಾನೇ ಕೂತು, ಎದುರಿಗೆ ಚಿಕ್ಕಪ್ಪನಿಗೆ ಜಾಗ ತೋರಿಸಿದಳು. ಅವನು ಅಣ್ಣನನ್ನು ನೋಡಿದ; ಅಪ್ಪ ಕೈಸನ್ನೆ ಮಾಡಿದ ಮೇಲೆ ಕೂತ. ಅಜ್ಜಿ ಗೋಡೆಗೆ ಒರಗಿ ನಿಂತಿದ್ದಳು. ಚಿಕ್ಕಮ್ಮ ಅವನನ್ನು ಬಹಳ ಹೊತ್ತು ನೋಡಿದಳು. ಬಿದ್ದ ಹಲ್ಲಿನ ಜಾಗ, ಹೊಸ ಜನಿವಾರ. ಅವಳ ಕಣ್ಣು ತುಂಬಿತ್ತು. ಆ ಕ್ಷಣದವರೆಗೂ ಅವಳು ಬೇಡ ಎನ್ನಲು ಬಂದಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

“ಒಂದು ಮಾತು ಕೇಳ್ಲಾ?” ಎಂದಳು.

“ಕೇಳು.”

“ನೀವು ಸತ್ತಿದ್ರಾ?”

ಉತ್ತರ ಚಿಕ್ಕಪ್ಪನಿಗೆ ಗೊತ್ತಿತ್ತು. ಮೂರೂವರೆ ವರ್ಷ ದಿನವೂ ಬೆಳಿಗ್ಗೆ ಹೆಸರು ಕೂಗಿದಾಗ ಇದ್ದೇನೆ ಎಂದವನು. ಅವನು ಅವಳನ್ನು ಬಿಟ್ಟು ಮೇಜಿನ ಹಿಂದೆ ಕೂತಿದ್ದ ಅಪ್ಪನ ಕಡೆ ನೋಡಿದ.

“ಅದು... ಅಣ್ಣ ಹೇಳಿದ ಹಾಗೆ.”

ಚಿಕ್ಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಭಟ್ಟರ ಕಡೆ ತಿರುಗಿದಳು.

“ಭಟ್ಟರೇ, ನನಗೆ ಈ ಗಂಡು ಒಪ್ಪಿಗೆ ಇಲ್ಲ.”

“ಹಾಗೆಲ್ಲ ಹೇಳೋ ಹಾಗಿಲ್ಲ ತಾಯಿ.”

“ನೋಡೋ ಶಾಸ್ತ್ರ ಮಾಡಿದ್ದು ಯಾಕೆ ಮತ್ತೆ? ಹೊಸ ಸಂಬಂಧ ಅಂದ್ರಲ್ಲ.”

ಅಪ್ಪ ಎದ್ದ. ಮೇಜಿನ ಅಂಚು ಹಿಡಿದುಕೊಂಡು, ಹಾಗಾದರೆ ಇವಳು ಈಗ ಏನು ಎಂದು ಭಟ್ಟರನ್ನು ಕೇಳಿದ. ಗಂಡ ಬದುಕಿರುವುದರಿಂದ ವಿಧವೆ ಅಲ್ಲ. ಅವನು ಬ್ರಹ್ಮಚಾರಿಯಾದ್ದರಿಂದ ಹೆಂಡತಿ ಅಲ್ಲ. ಕನ್ಯೆ ಎನ್ನಲು ಬಾಯಿ ಬರುವುದಿಲ್ಲ. ಭಟ್ಟರು ಪುಸ್ತಕ ಬಿಚ್ಚಿದರು. ಚಿಕ್ಕಮ್ಮ ಒಳಗೆ ಹೋಗಿ ಎರಡು ಸೀರೆ, ಆ ಕಾಗದಗಳು, ಚಿಕ್ಕಪ್ಪ ಓದು ಕಲಿಸಿದ್ದ ಪುಸ್ತಕ ಸೇರಿಸಿ ಒಂದು ಗಂಟು ಕಟ್ಟಿದಳು. ಅಜ್ಜಿ ಬಾಗಿಲಲ್ಲಿ ಅವಳ ಕೈ ಹಿಡಿದಳು, ಆಮೇಲೆ ಬಿಟ್ಟಳು. ಚಿಕ್ಕಪ್ಪ ಚಾಪೆಯ ಮೇಲೆಯೇ ಕೂತಿದ್ದ. ಏಳು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವಳು ಸೋಮವಾರಪೇಟೆಯಲ್ಲಿ ಅಣ್ಣನ ಮನೆ ಸೇರಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ, ತನ್ನ ಅರವತ್ತರಲ್ಲಿ ತೀರಿಕೊಂಡಳು. ಚಿಕ್ಕಪ್ಪನಿಗೆ ಅಪ್ಪ ಬೇರೆ ಹೆಣ್ಣು ತಂದ; ಅವನು ಅದಕ್ಕೂ ಒಪ್ಪಿದ. ಆ ಬೆಳಿಗ್ಗೆ ಯಾರ ಅಪ್ಪಣೆಯೂ ಇಲ್ಲದೆ ನಾನು ಗಂಟು ಹೊತ್ತು ಅವಳ ಹಿಂದೆ ಬಸ್ಸಿನವರೆಗೆ ಹೋದೆ. ನನಗೆ ಹನ್ನೆರಡು. ಇಂಜಿನ್ನಿಗೆ ಇದ್ದಿಲು ತುಂಬಿ ಗಾಳಿ ತಿರುವುತ್ತಿದ್ದರು, ಹೊರಡಲು ಹೊತ್ತಿತ್ತು. ಚಾಪೆಯ ಮೇಲೆ ಕೂತಿದ್ದವನ ಮುಖ ನನಗೆ ಕಣ್ಣಿಗೆ ಕಟ್ಟಿತ್ತು.

“ಚಿಕ್ಕಮ್ಮ, ಚಿಕ್ಕಪ್ಪ ಪಾಪ ಅಲ್ವಾ?”

ಅವಳು ಕಿಟಕಿಯ ಪಕ್ಕ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು.

“ಪಾಪವೇ. ಇನ್ನೂ ತಿಂಗಳು ತುಂಬದ ಕೂಸು.”